ಹಾಲಸ್ವಾಮಿಯ ತಪ್ಪುಕಾಣಿಕೆ

ಹಾಲಸ್ವಾಮಿ ನನ್ನ ಅಕ್ಕ ಆಶಾಳ ಗಂಡ. ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ದೊಡ್ಡವನು. ಅವನ ಮೇಲೆ ಒಂದು ಕೊಲೆ ಕೇಸು ಇತ್ತು. ಕೋರ್ಟು ಅವನನ್ನು ಬಿಟ್ಟಿತು. ಆಮೇಲೆ ಅದೇ ಕೇಸನ್ನು ಮತ್ತೆ ಮೊದಲಿನಿಂದ ನಡೆಸಿದರು. ಹೀಗೂ ಆಗುತ್ತದೆ ಎಂದು ನಮಗೆ ಗೊತ್ತಿರಲಿಲ್ಲ. ನಮ್ಮಂಥ ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಭಾವನ ಊರು ಹರಿಹರ ತಾಲೂಕಿನ ನಂದಿಗುಡಿ. ಅಲ್ಲಿ ಚಾನೆಲ್ ನೀರಿನ ಸ್ವಲ್ಪ ಗದ್ದೆ ಇದೆ. ಭತ್ತ ಬೆಳೆಯುತ್ತಾನೆ. ನಾಟಿ, ಕೊಯ್ಲು ಬಿಟ್ಟು ಉಳಿದ ದಿನ ದಾವಣಗೆರೆಯಲ್ಲಿ ಕೆಲಸ. ದೇವರಾಜ ಅರಸು ಬಡಾವಣೆಯ ಹಿಂದೆ ಒಂದು ಬಾಡಿಗೆ ಮನೆ ಮಾಡಿದ್ದರು. ಅಕ್ಕ ಬಡಾವಣೆಯ ಮನೆಗಳಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಭಾವ ಕರೂರು ಕೈಗಾರಿಕಾ ಪ್ರದೇಶದ ಒಂದು ಅವಲಕ್ಕಿ ಮಿಲ್ಲಿಗೆ ಹೋಗುತ್ತಿದ್ದ. ನಾನು ಅದೇ ಊರಿನಲ್ಲಿ ಲಗೇಜ್ ಆಟೊ ಓಡಿಸುತ್ತೇನೆ. ಮಿಲ್ಲಿನ ಮಾಲು ನನ್ನ ಆಟೊದಲ್ಲೇ ಬರುತ್ತಿತ್ತು.

ಭಾವ ಜಗಳದ ಮನುಷ್ಯ ಅಲ್ಲ. ಆದರೆ ಪಾಳಿ ತಪ್ಪಿದರೆ ಸುಮ್ಮನಿರುವವನೂ ಅಲ್ಲ. ಗದ್ದೆಗೆ ನೀರು ಬಿಡುವ ಪಾಳಿ, ಗಿರಣಿಯ ಮುಂದಿನ ಸಾಲು, ಬಸ್ಸಿನ ಸೀಟು, ಯಾವುದರಲ್ಲೂ ತನ್ನದಲ್ಲದ್ದು ಬೇಡ, ತನ್ನದು ಬಿಡುವುದಿಲ್ಲ. ಊರಿನಲ್ಲಿ ಯಾರು ಸತ್ತರೂ ಕುಣಿ ತೋಡಲು ಮೊದಲು ಹೋಗುತ್ತಿದ್ದ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಮುಂದಿನ ಒಂದು ಹಲ್ಲು ಮುರಿದಿತ್ತು.

ನಂದಿಗುಡಿಯಲ್ಲಿ ಅವನ ಗದ್ದೆಯ ಪಕ್ಕದ ಗದ್ದೆ ಅಂಜಿನವ್ವನದು. ಗಂಡ ಇಲ್ಲದ ಹೆಂಗಸು. ಒಬ್ಬನೇ ಮಗ, ಸಿದ್ದು. ಸಿದ್ದುವನ್ನು ಮಿಲ್ಲಿನ ಕೆಲಸಕ್ಕೆ ಸೇರಿಸಿದ್ದು ಭಾವನೇ. ಇಬ್ಬರೂ ಜೋಡಿ ಕೆಲಸ. ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದರು. ಸಿದ್ದು ಬಾಯಿ ಮುಚ್ಚುವವನಲ್ಲ. ಭಾವನ ಹಲ್ಲು ನೋಡಿ, ‘ಹಾಲಣ್ಣ, ನಿಂದು ಬಾಯಲ್ಲ, ತೂಬು. ನೀರು ಬಿಟ್ರೆ ಸೀದಾ ಹೊರಗೆ’ ಎನ್ನುತ್ತಿದ್ದ. ಭಾವ ಕೈ ಅಡ್ಡ ಹಿಡಿದು ನಗುತ್ತಿದ್ದ.

ಸಿದ್ದು ಸತ್ತದ್ದು ಕೊರೊನಾ ಬರುವುದಕ್ಕೆ ಕೆಲವು ವರ್ಷ ಮೊದಲು.

ಆ ವಾರ ಊರಿನಲ್ಲಿ ಇಬ್ಬರಿಗೂ ನೀರಿನ ವಿಷಯಕ್ಕೆ ಮಾತಾಗಿತ್ತು. ಭಾವನ ಪಾಳಿಯ ನೀರನ್ನು ಸಿದ್ದು ತನ್ನ ಗದ್ದೆಗೆ ತಿರುವಿಕೊಂಡಿದ್ದ. ಭಾವ ಹೋಗಿ ನೀರು ಹರಿಯುವ ಮಡೆಯನ್ನು ಮಣ್ಣಿನಿಂದ ಕಟ್ಟಿ ಬಂದಿದ್ದ. ನಾಲ್ಕು ಜನರ ಮುಂದೆ ಬೈಗುಳವೂ ಆಗಿತ್ತು. ಗದ್ದೆ ಕಡೆ ಇದು ದಿನದ ಮಾತು. ಮಿಲ್ಲಿಗೆ ಬಂದ ಮೇಲೂ ಇಬ್ಬರೂ ಮುಖ ಊದಿಸಿಕೊಂಡಿದ್ದರು. ಬುತ್ತಿ ಬೇರೆ ಬೇರೆ ಬಿಚ್ಚಿದರು.

ಅವಲಕ್ಕಿ ಮಾಡುವ ಮೊದಲು ಭತ್ತವನ್ನು ಬಿಸಿನೀರಿನ ತೊಟ್ಟಿಯಲ್ಲಿ ನೆನೆಹಾಕುತ್ತಾರೆ. ಆ ಮಿಲ್ಲಿನ ತೊಟ್ಟಿ ಆಳ. ಮೇಲೆ ಅಡ್ಡಕ್ಕೆ ಒಂದು ಹಲಗೆ. ಒಬ್ಬ ಹಲಗೆಯ ಮೇಲೆ ನಿಂತು ಉದ್ದ ಕೋಲಿನಿಂದ ಭತ್ತ ತಿರುವಬೇಕು. ಇನ್ನೊಬ್ಬ ದಂಡೆಯಲ್ಲಿ ನಿಂತು ಅವನ ಮೇಲೆ ಕಣ್ಣಿಟ್ಟಿರಬೇಕು. ಹಿಡಿದುಕೊಳ್ಳಲು ಒಂದು ಕಂಬಿ ಇರಲಿಲ್ಲ. ಹಲಗೆ ಯಾವಾಗಲೂ ಒದ್ದೆ. ಇಬ್ಬರೂ ದಿನ ಬಿಟ್ಟು ದಿನ ಹಲಗೆ ಹತ್ತುತ್ತಿದ್ದರು. ಆ ದಿನ ಭಾವನ ಸರದಿ.

ಸಿದ್ದು ಮೊದಲೇ ಹಲಗೆ ಹತ್ತಿದ್ದ.

‘ಇವತ್ತು ನಂದು ಪಾಳಿ, ಇಳಿಯೋ’ ಎಂದ ಭಾವ.

‘ಗದ್ದಿ ನೀರಿಗೂ ನಿಂದೇ ಪಾಳಿ, ಇಲ್ಲೀ ನೀರಿಗೂ ನಿಂದೇ ಪಾಳಿ. ಲೋಕದಾಗಿನ ಪಾಳೆಲ್ಲ ನಿಂಗೇ ಬರೆದು ಕೊಟ್ಟಾರೇನು?’ ಎಂದ ಸಿದ್ದು. ಕೋಲು ಬಿಡಲಿಲ್ಲ.

‘ಇಳಿ ಅಂದ್ರೆ ಇಳಿ. ಕಾಲು ಜಾರ್ತೈತೆ.’

‘ಜಾರಿದ್ರೆ ನಿಂಗ್ ಚಲೋನೇ ಆತು. ಎರಡೂ ಗದ್ದಿಗೆ ನೀನೇ ನೀರ್ ಬಿಟ್ಕೋ.’

ಮಿಲ್ಲಿನವರೆಲ್ಲ ಇಷ್ಟನ್ನು ಕೇಳಿದರು. ಕೆಲವರು ನಕ್ಕರು. ಆಮೇಲೆ ಕೂಗು ಕೇಳಿತು. ಬಾಯ್ಲರ್ ನೋಡುತ್ತಿದ್ದ ಬಡೇಸಾಬ್ ತಿರುಗಿ ನೋಡಿದ. ಸಿದ್ದು ತೊಟ್ಟಿಯೊಳಗಿದ್ದ. ಭಾವ ದಂಡೆಯಲ್ಲಿ ಬಗ್ಗಿ ನಿಂತಿದ್ದ. ಅವನ ಎರಡೂ ಕೈ ಮುಂದಕ್ಕೆ ಚಾಚಿದ್ದವು.

ಸಿದ್ದುವನ್ನು ಎತ್ತಿದ್ದು ಭಾವನೇ. ಅವನ ಮೊಣಕೈ ತನಕ ಸುಟ್ಟಿತ್ತು. ಸಿದ್ದು ಆಸ್ಪತ್ರೆಯಲ್ಲಿ ಮಾತಾಡದೆ ಸತ್ತ.

ಮಿಲ್ಲಿನ ಮಾಲೀಕರು ಪೊಲೀಸರಿಗೆ ಹೇಳಿದ್ದು ಒಂದೇ ಮಾತು: ಇಬ್ಬರಿಗೂ ಊರಿನಿಂದ ಜಗಳ ಇತ್ತು. ಹಲಗೆಗೆ ಕಂಬಿ ಇರಲಿಲ್ಲ ಎಂಬುದನ್ನು ಯಾರೂ ಕೇಳಲಿಲ್ಲ. ಮಾರನೆಯ ವಾರ ಅಲ್ಲಿ ಕಂಬಿ ಬಂತು. ಹೊಸ ಬಣ್ಣ ಹಚ್ಚಿತ್ತು. ಭಾವ ಆಗ ಜೈಲಿನಲ್ಲಿದ್ದ.

ನಮ್ಮ ವಕೀಲರು ವಾಮದೇವಪ್ಪನವರು. ವಯಸ್ಸಾದವರು. ಒಳ್ಳೆಯವರು. ನಿಧಾನ. ಜಾಮೀನು ಕೊಡಿಸಿದರು. ವಿಚಾರಣೆ ಶುರುವಾಯಿತು. ಭಾವ ಕೋರ್ಟಿಗೆಂದೇ ಒಂದು ಬಿಳಿ ಅಂಗಿ ಇಟ್ಟುಕೊಂಡಿದ್ದ. ಅದನ್ನು ಬೇರೆ ಯಾವ ದಿನವೂ ಹಾಕುತ್ತಿರಲಿಲ್ಲ. ಮದುವೆಗೂ ಹಾಕುತ್ತಿರಲಿಲ್ಲ.

ಸಾಕ್ಷಿಗಳು ಬಂದರು, ಹೇಳಿದರು, ಹೋದರು. ಕಣ್ಣಿನಿಂದ ಕಂಡವನು ಬಡೇಸಾಬ್ ಒಬ್ಬನೇ. ಅವನು ಮಿಲ್ಲು ಬಿಟ್ಟು ಮಿರಜಿನಲ್ಲಿರುವ ಮಗಳ ಮನೆಗೆ ಹೋಗಿದ್ದ. ಸಮನ್ಸು ಅವನ ದಾವಣಗೆರೆ ಮನೆಗೆ ಹೋಯಿತು. ಬಾಗಿಲಿಗೆ ಬೀಗ ಇದೆ ಎಂದು ವಾಪಸು ಬಂತು. ಮತ್ತೊಮ್ಮೆ ಹೋಯಿತು, ಮತ್ತೆ ಬಂತು. ಕಡೆಗೆ ಜಡ್ಜ್ ಸಾಹೇಬರು ಸಾಕ್ಷಿ ಮುಗಿಯಿತು ಎಂದರು. ಭಾವನ ಮೇಲಿನ ಅಪರಾಧ ಸಾಬೀತಾಗಿಲ್ಲ ಎಂದು ತೀರ್ಪು ಕೊಟ್ಟರು.

ಭಾವ ಕಟಕಟೆಯಲ್ಲಿ ಹಾಗೇ ನಿಂತಿದ್ದ. ‘ಹೋಗಪ್ಪ, ಬಿಟ್ಟಾರೆ’ ಎಂದು ಪೇದೆ ಹೇಳಿದ ಮೇಲೆ ಇಳಿದ.

ಹೊರಗೆ ವಾಮದೇವಪ್ಪನವರು ಒಂದು ಕಾಗದಕ್ಕೆ ಸಹಿ ಮಾಡಿಸಿದರು. ‘ಮೇಲಿನ ಕೋರ್ಟ್ ಕರೆದ್ರೆ ಬರ್ತೀನಿ ಅಂತ ಬರ್ಕೊಡೋದು. ಎಲ್ಲರ ಹತ್ರನೂ ತಗೊಳ್ತಾರೆ’ ಎಂದರು. ಭಾವ ಸಹಿ ಮಾಡಿದ. ಮತ್ತೆ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಊರಿಗೆ ಹೋಗುವಾಗ ಹರಿಹರದಲ್ಲಿ ಬಸ್ಸು ಇಳಿದೆವು. ಹೊಳೆಗೆ ಹೋಗಿ ಭಾವ ಮುಳುಗಿ ಎದ್ದ. ಹೆಣ ಹೊತ್ತು ಬಂದವರು ಮೀಯುವ ಹಾಗೆ ಬಟ್ಟೆ ಸಮೇತ ಮಿಂದ. ಅಕ್ಕ ಕಾಯಿ ಒಡೆದಳು. ಆ ಬಿಳಿ ಅಂಗಿಯನ್ನು ಊರಲ್ಲಿ ಗದ್ದೆಯ ಬೆದರುಬೊಂಬೆಗೆ ಹಾಕಿದ.

‘ಭಾವ, ಅಂಗಿ ಇನ್ನೂ ಗಟ್ಟಿ ಐತಲ್ಲ’ ಎಂದೆ.

‘ಅದು ಅಂಗಿ ಅಲ್ಲ ರೇವಣ್ಣ. ಹಕ್ಕಿನಾದ್ರೂ ಹೆದರ್ಲಿ ಬಿಡು’ ಎಂದ. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಬಹಳ ದಿನದ ಮೇಲೆ ನಕ್ಕದ್ದು ಅವತ್ತು.

ಆ ಬೆದರುಬೊಂಬೆ ಅಂಜಿನವ್ವನ ಗದ್ದೆಗೂ ಕಾಣುತ್ತಿತ್ತು. ಅವಳು ಭಾವನ ಜೊತೆ ಮಾತು ಬಿಟ್ಟಿದ್ದಳು. ತೀರ್ಪು ಬಂದ ವಾರ ಅವಳ ಕಡೆಯವರು ಯಾರೋ ಒಂದು ಅರ್ಜಿ ಬರೆಸಿ ತಂದಿದ್ದರು. ಸರ್ಕಾರ ಮೇಲಿನ ಕೋರ್ಟಿಗೆ ಹೋಗಬೇಕು ಎಂದು. ಅವಳು ಹೆಬ್ಬೆಟ್ಟು ಒತ್ತಿದ್ದಳು. ಮಗ ಸತ್ತ ಸಂಕಟದಲ್ಲಿ ಯಾರು ಏನು ತಂದರೂ ಒತ್ತುತ್ತಿದ್ದಳು. ಅರ್ಜಿ ಎಲ್ಲಿಗೆ ಹೋಯಿತು ಎಂದು ಅವಳಿಗೂ ಗೊತ್ತಿರಲಿಲ್ಲ. ನಮಗಂತೂ ಅರ್ಜಿಯ ಸುದ್ದಿಯೇ ಇರಲಿಲ್ಲ. ಅಷ್ಟರಲ್ಲಿ ಕೊರೊನಾ ಬಂತು. ಎಲ್ಲವೂ ನಿಂತಿತು.

ಮಿಲ್ಲು ಮುಚ್ಚಿತ್ತು. ಭಾವ, ಅಕ್ಕ ಇಬ್ಬರೂ ಊರಿನಲ್ಲೇ ಇದ್ದರು. ಅಂಜಿನವ್ವನ ಗದ್ದೆಗೆ ನೀರು ಬಿಡುವವರು ಇರಲಿಲ್ಲ. ಭಾವ ತನ್ನ ಪಾಳಿ ಮುಗಿದ ಮೇಲೆ ಅವಳ ಮಡೆ ತೆಗೆದು ಬರುತ್ತಿದ್ದ. ಅವಳು ಬಂದು ನೋಡುತ್ತಿದ್ದಳು. ನೀರು ಬಿಟ್ಟವನು ಯಾರು ಎಂದು ಗೊತ್ತಿತ್ತು. ಆದರೂ ಭಾವ ಎದುರಿಗೆ ಬಂದರೆ ಬದುವಿನಿಂದ ಇಳಿದು ಕೆಸರಿನಲ್ಲಿ ಹೋಗುತ್ತಿದ್ದಳು. ಭಾವ ಅದನ್ನೇ ಅಕ್ಕನಿಗೆ ಹೇಳುತ್ತಿದ್ದ. ‘ಬೈದ್ರೂ ಆಗ್ತಿತ್ತು. ಕೆಸರಿಗೆ ಇಳೀತಾಳೆ ಅವ್ವ.’

ಕಡೆಗೆ ಅವನೇ ಮಾಲತೇಶಪ್ಪನ ಹತ್ತಿರ ಹೋದ. ಮಾಲತೇಶಪ್ಪ ಊರಿನ ಹಿರಿಯ. ಚೌಡಮ್ಮನ ಗುಡಿಯ ಪೂಜೆ ಅವರದು. ನಾನೂ ಜೊತೆಗಿದ್ದೆ.

‘ತಪ್ಪುಕಾಣಿಕೆ ಕೊಡು’ ಎಂದರು ಮಾಲತೇಶಪ್ಪ.

ನಮ್ಮ ಕಡೆ ಇದು ಇದೆ. ಎರಡು ಮನೆಗಳ ನಡುವೆ ಕಹಿ ಉಳಿದರೆ ಒಬ್ಬರು ತಪ್ಪುಕಾಣಿಕೆ ಕೊಡುತ್ತಾರೆ. ದೇವಿಯ ಮುಂದೆ ಕಾಯಿ, ಎಲೆ ಅಡಿಕೆ, ಒಂದು ಸೀರೆ ಇಟ್ಟು, ತಪ್ಪಾಯಿತು ಎಂದು ಅಡ್ಡ ಬೀಳುತ್ತಾರೆ. ಆಮೇಲೆ ಅದನ್ನು ಆ ಮನೆಗೆ ಒಯ್ದು ಕೊಟ್ಟು ಕಾಲು ಮುಟ್ಟುತ್ತಾರೆ. ಅಲ್ಲಿಗೆ ಮುಗಿಯಿತು. ಏನು ತಪ್ಪು, ಯಾರ ತಪ್ಪು ಎಂದು ಯಾರೂ ಕೇಳಬಾರದು. ಕೇಳಿದರೆ ಕೇಳಿದವರಿಗೆ ದೋಷ.

‘ನಾನು ತಳ್ಳಿಲ್ಲವಲ್ಲಜ್ಜ’ ಎಂದ ಭಾವ.

‘ತಳ್ಳಿದೋನು ಕೊಡೋದಲ್ಲಪ್ಪ ಇದು. ತಳ್ಳಿದೋನು ಜೈಲಿಗೆ ಹೋಗ್ತಾನೆ. ಆಕಿ ಮಗನ್ನ ಕಳ್ಕೊಂಡಾಳೆ. ನೀನು ಹೋಗೋದಾ, ಆಕಿನೇ ಬರೋದಾ?’

‘ಅವತ್ತು ನನ್ನ ಪಾಳಿ ಇತ್ತಜ್ಜ. ಹಲಗೆ ಮೇಲೆ ನಾನಿರಬೇಕಾಗಿತ್ತು’ ಎಂದ.

‘ಅದನ್ನ ದೇವಿಗೆ ಹೇಳು. ನನಗ್ಯಾಕ?’

ವಕೀಲರನ್ನು ಒಂದು ಮಾತು ಕೇಳೋಣ ಎಂದು ಯಾರಿಗೂ ಹೊಳೆಯಲಿಲ್ಲ. ಕೇಸು ಮುಗಿದಿತ್ತು. ದೇವರ ಕೆಲಸಕ್ಕೆ ವಕೀಲರನ್ನು ಯಾರು ಕೇಳುತ್ತಾರೆ?

ಒಂದು ಮಂಗಳವಾರ ಬೆಳಿಗ್ಗೆ ಕಾಣಿಕೆ ಆಯಿತು. ಅಕ್ಕ ದಾವಣಗೆರೆಯಿಂದ ಹಸಿರು ಇಳಕಲ್ ಸೀರೆ ತಂದಿದ್ದಳು. ಊರಿನ ಜನ ಸೇರಿದ್ದರು. ಭಾವ ದೇವಿಯ ಮುಂದೆ ಬಿದ್ದು, ತಿಳಿದೋ ತಿಳಿಯದೆಯೋ ಆದ ತಪ್ಪು ನನ್ನದು, ಹೊಟ್ಟೆಗೆ ಹಾಕಿಕೋ ತಾಯಿ ಎಂದ. ಎಲ್ಲರೂ ಹೇಳುವುದೇ ಅದು. ನನ್ನಪ್ಪನೂ ಒಮ್ಮೆ ದಾಯಾದಿಗಳ ಜಗಳಕ್ಕೆ ಹೇಳಿದ್ದ. ಆಮೇಲೆ ಭಾವ ಅಂಜಿನವ್ವನ ಮನೆಗೆ ಹೋಗಿ ಸೀರೆ ಕೊಟ್ಟು ಅವಳ ಕಾಲ ಮೇಲೆ ತಲೆ ಇಟ್ಟ. ಇಟ್ಟವನು ಏಳಲಿಲ್ಲ. ಜೋರಾಗಿ ಅತ್ತ.

ಅಂಜಿನವ್ವ ಅವನ ತೋಳು ಹಿಡಿದು ನೋಡಿದಳು. ಮೊಣಕೈ ತನಕ ಸುಟ್ಟ ಕಲೆ. ಅದರ ಮೇಲೆ ಕೈಯಾಡಿಸಿದಳು.

‘ಇಷ್ಟು ಸುಟ್ಟಿತ್ತೇನೋ? ನನಗ್ಯಾರೂ ಹೇಳಲೇ ಇಲ್ಲ’ ಎಂದಳು. ಒಳಗೆ ಹೋಗಿ ಒಂದು ತಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ ತಂದಳು. ‘ಉಣ್ಣು. ನನ್ನ ಮಗ ಇದ್ರ ಮೇಲೇ ಬದುಕ್ತಿದ್ದ’ ಎಂದಳು.

ಅವತ್ತಿನಿಂದ ಆ ಮನೆ, ಈ ಮನೆ ಎಂದು ಉಳಿಯಲಿಲ್ಲ. ಭಾವ ಅವಳ ಗದ್ದೆಯನ್ನೂ ಮಾಡಿದ. ಅವಳು ಅಕ್ಕನಿಗೆ ತಲೆ ಬಾಚುತ್ತಿದ್ದಳು. ಆ ಒಂದೆರಡು ವರ್ಷ ಚೆನ್ನಾಗಿತ್ತು.

ಹೈಕೋರ್ಟಿನ ನೋಟಿಸು ಆಮೇಲೆ ಬಂತು. ಸರ್ಕಾರ ಮೇಲ್ಮನವಿ ಹಾಕಿತ್ತು. ವಾಮದೇವಪ್ಪನವರು ಬೆಂಗಳೂರಿನ ಒಬ್ಬ ವಕೀಲರನ್ನು ಗೊತ್ತುಮಾಡಿಕೊಟ್ಟರು. ಅಲ್ಲಿ ಏನು ನಡೆಯಿತು ಎಂದು ನಮಗೆ ತಿಳಿಯದು. ಆದೇಶ ಬಂದಾಗ ವಾಮದೇವಪ್ಪನವರು ಫೋನ್ ಮಾಡಿ ಕರೆದರು. ನಾನು, ಭಾವ ಹೋದೆವು.

‘ಕೂಡ್ರಿ’ ಎಂದರು. ಕನ್ನಡಕ ತೆಗೆದಿಟ್ಟರು. ‘ಮೊದಲನೇ ವಿಚಾರಣೆ ಸರಿಯಾಗಿ ಆಗಿಲ್ಲ ಅಂತ ಹೈಕೋರ್ಟ್ ಹೇಳೈತೆ. ಕಣ್ಣಾರೆ ಕಂಡ ಸಾಕ್ಷೀನ ಕರೆಸ್ದೇನೇ ಮುಗ್ಸ್ಯಾರೆ, ಅದು ವಿಚಾರಣೆನೇ ಅಲ್ಲ ಅಂತ. ಬಿಡುಗಡೆ ರದ್ದು ಮಾಡ್ಯಾರೆ. ಮತ್ತೆ ಮೊದಲಿಂದ ನಡೀಬೇಕು.’

‘ನನ್ನ ಬಿಟ್ಟಿದ್ರಲ್ರಿ’ ಎಂದ ಭಾವ.

‘ಬಿಟ್ಟಿದ್ರು.’

‘ಒಂದ್ ತಪ್ಪಿಗೆ ಎರಡ್ ಸಲ ಹಿಡಿಯಂಗಿಲ್ಲ ಅಂತ ಕಾನೂನು ಐತಂತಲ್ರಿ. ಜೈಲ್ನಾಗೆ ಹೇಳ್ತಿದ್ರು.’

‘ಐತೆ. ಸಂವಿಧಾನದಾಗೇ ಐತೆ. ಆದ್ರೆ ಅದು ಮುಗಿದ ಕೇಸಿಗಪ್ಪ. ಮೇಲಿನ ಕೋರ್ಟ್ ಮೊದಲನೇದನ್ನ ಅಳಿಸಿಬಿಟ್ರೆ ಇದು ಎರಡನೇ ಸಲ ಅಲ್ಲ. ಅದೇ ಕೇಸು, ಇನ್ನೂ ನಡೀತಾ ಐತೆ ಅಂತ ಅರ್ಥ.’

‘ಹಂಗಾದ್ರೆ ಇಷ್ಟು ವರ್ಷ ನಾನು ಬಿಡುಗಡೆ ಆಗಿರ್ಲೇ ಇಲ್ಲೇನ್ರಿ?’

ವಾಮದೇವಪ್ಪನವರು ಚಹಾ ತರಿಸಿದರು.

‘ಬಡೇಸಾಬ್ ಬರ್ಲಿಲ್ಲ ಅಂದ್ರೆ ಅದು ನನ್ನ ತಪ್ಪೇನ್ರಿ?’ ಎಂದು ಭಾವ ಮತ್ತೆ ಕೇಳಿದ.

‘ಅಲ್ಲ. ಯಾರ ತಪ್ಪು ಅಂತ ಬರ್ದಿಲ್ಲ. ವಿಚಾರಣೆ ತಪ್ಪು ಅಂತ ಬರ್ದಾರೆ.’

‘ನಾನು ಮೊದ್ಲು ಜೈಲ್ನಾಗೆ ಇದ್ದದ್ದು? ಅದೂ ಅಳಿಸಿ ಹೋತೇನ್ರಿ?’

‘ಅದು ಹೋಗಲ್ಲ. ಶಿಕ್ಷೆ ಆದ್ರೆ ಅದ್ರಾಗೆ ಕಳೀತಾರೆ’ ಎಂದರು. ಹೇಳಿದ ಮೇಲೆ ಅವರಿಗೇ ಬೇಸರವಾಯಿತು.

ಅಂಜಿನವ್ವನಿಗೆ ವಿಷಯ ತಿಳಿದಾಗ ಅವಳು ನನ್ನ ಹಿಂದೆ ಬಿದ್ದಳು. ‘ಆ ಅರ್ಜಿ ನಾನೇ ಒತ್ತಿದ್ದು. ನಾನೇ ವಾಪಸ್ ತಗೊಳ್ತೀನಿ, ಕರ್ಕೊಂಡು ಹೋಗಪ್ಪ’ ಎಂದಳು. ದಾವಣಗೆರೆಗೆ ಕರೆದುಕೊಂಡು ಬಂದೆ. ಸರ್ಕಾರಿ ವಕೀಲರು ಕೋರ್ಟಿನ ಹಿಂದೆ ಕಾರಿನ ಹತ್ತಿರ ಸಿಕ್ಕರು.

‘ನನಗ್ ಬ್ಯಾಡ ಸ್ವಾಮಿ ಈ ಕೇಸು. ಬಿಟ್ಬಿಡ್ರಿ’ ಎಂದಳು.

‘ಅಜ್ಜಿ, ಇದು ನಿಮ್ಮ ಕೇಸಲ್ಲ. ಸರ್ಕಾರದ್ದು. ಕೊಲೆ ಕೇಸಿನಾಗೆ ರಾಜಿ ಇಲ್ಲ.’

‘ಸತ್ತೋನು ನನ್ನ ಮಗ. ಅದು ಸರ್ಕಾರದ್ದು ಹೆಂಗೆ ಆತು?’

ಅವರು ನಕ್ಕರು. ಕೆಟ್ಟ ನಗು ಅಲ್ಲ. ‘ಸಾಕ್ಷಿಗೆ ಕರೆದಾಗ ಬರ್ರಿ. ಇದ್ದದ್ದು ಇದ್ದಂಗೆ ಹೇಳ್ರಿ, ಅಷ್ಟೇ’ ಎಂದು ಕಾರು ಹತ್ತಿದರು.

‘ಇದ್ದದ್ದು ಇದ್ದಂಗೆ ಹೇಳ್ತೀನಿ. ಆಗ ಬಿಡ್ತಾರೆ’ ಎಂದು ಅವಳು ದಾರಿಯುದ್ದಕ್ಕೂ ಹೇಳಿದಳು.

ಭಾವ ಮತ್ತೊಂದು ಬಿಳಿ ಅಂಗಿ ತಂದ.

ಜಡ್ಜ್ ಹೊಸಬರು. ಸರ್ಕಾರಿ ವಕೀಲರೂ ಹೊಸಬರು. ಹಳೆಯವರು ನಾವು, ವಾಮದೇವಪ್ಪನವರು, ಗೋಡೆಯ ಫ್ಯಾನು. ಸಾಕ್ಷಿಗಳು ಮತ್ತೆ ಬಂದರು. ಮೊದಲ ಸಲ ಹೇಳಿದ್ದನ್ನು ಕೆಲವರು ಮರೆತಿದ್ದರು. ಕೆಲವರಿಗೆ ಮೊದಲಿಗಿಂತ ಹೆಚ್ಚು ನೆನಪಿತ್ತು. ಮಿಲ್ಲಿನ ಲೆಕ್ಕ ಬರೆಯುವ ರೈಟರ್ ಹಿಂದಿನ ಸಲ ಜಗಳದ ಮಾತು ಕೇಳಿದೆ ಎಂದಷ್ಟೇ ಹೇಳಿದ್ದ. ಈ ಸಲ ಭಾವನ ಮುಖದಲ್ಲಿ ಸಿಟ್ಟು ಕಂಡೆ ಎಂದ. ಅವನು ಕೂತಿದ್ದ ರೂಮಿಗೆ ತೊಟ್ಟಿ ಕಾಣುವುದಿಲ್ಲ. ವಾಮದೇವಪ್ಪನವರು ಅದನ್ನು ಕೇಳಿದರು. ‘ಹೊರಗೆ ಬಂದಿದ್ದೆ’ ಎಂದ.

ಈ ಸಲ ಬಡೇಸಾಬ್ ಬಂದ. ಪೊಲೀಸರು ಮಿರಜಿಗೆ ಹೋಗಿ ಕರೆತಂದಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕಟಕಟೆಯಲ್ಲಿ ನಿಂತು ಭಾವನನ್ನು ನೋಡಿ ‘ಅರೇ, ಹಾಲಸ್ವಾಮಿ, ಕೈ ವಾಸಿ ಆತೇನೋ?’ ಎಂದ. ಜಡ್ಜ್ ಗದರಿಸಿದರು.

‘ನೀವು ನೋಡಿದಾಗ ಆರೋಪಿಯ ಕೈ ಎಲ್ಲಿತ್ತು?’ ಎಂದು ಸರ್ಕಾರಿ ವಕೀಲರು ಕೇಳಿದರು.

‘ಹಿಂಗೆ ಇತ್ತು ಸಾಬ್’ ಎಂದು ಬಡೇಸಾಬ್ ಎರಡೂ ಕೈ ಚಾಚಿ ತೋರಿಸಿದ.

‘ತಳ್ಳಿದ ಹಾಗೆ?’

‘ತಳ್ಳಿದ್ರೂ ಕೈ ಹಿಂಗೇ ಇರ್ತೈತೆ ಸಾಬ್, ಹಿಡಿಯಾಕ್ ಹೋದ್ರೂ ಹಿಂಗೇ ಇರ್ತೈತೆ. ನಾನು ತಿರುಗಿದ್ದು ಕೂಗು ಕೇಳಿದ್ ಮೇಲೆ. ಅಲ್ಲಾ ಕಸಮ್, ಮೊದ್ಲಿಂದು ನಾನು ಕಂಡಿಲ್ಲ.’

ಇಷ್ಟೇ ಅವನ ಸಾಕ್ಷಿ. ಈ ಮಾತನ್ನು ಮೊದಲ ಸಲವೇ ಬಂದು ಹೇಳಿದ್ದರೆ ಎರಡನೆಯ ವಿಚಾರಣೆ ಇರುತ್ತಿರಲಿಲ್ಲ. ಅವನು ಹೊರಗೆ ಬಂದು ನನ್ನ ಕೈ ಹಿಡಿದು, ‘ನನಗೆ ಸಮನ್ಸು ಬಂದಿದ್ದೇ ಗೊತ್ತಿಲ್ಲ ಭಾಯಿ. ಬೀಗ ಹಾಕಿದ ಮನಿಗೆ ಕಾಗದ ಹಾಕಿದ್ರೆ ಬೀಗ ಓದ್ತೈತೇನು?’ ಎಂದ.

ವಾಮದೇವಪ್ಪನವರ ಮುಖ ಅವತ್ತು ಹಗುರಾಗಿತ್ತು. ಇನ್ನು ಅಂಜಿನವ್ವ ಒಬ್ಬಳು, ಅವಳು ಸುಮ್ಮನೆ ಮಗನ ಗುರುತು ಹೇಳಿ ಹೋಗುತ್ತಾಳೆ ಎಂದರು.

ಅಂಜಿನವ್ವ ಆ ದಿನ ಹಸಿರು ಇಳಕಲ್ ಸೀರೆ ಉಟ್ಟು ಬಂದಳು. ಭಾವ ಕಾಣಿಕೆ ಕೊಟ್ಟದ್ದು. ಕಾಣಿಕೆಯ ಸೀರೆ ಉಟ್ಟರೆ ಮನಸ್ಸಿನಲ್ಲಿ ಏನೂ ಉಳಿದಿಲ್ಲ ಎಂದು ಅರ್ಥ. ನಮ್ಮೂರಿನಲ್ಲಿ ಯಾರು ನೋಡಿದರೂ ತಿಳಿಯುತ್ತದೆ. ಜಡ್ಜ್ ಸಾಹೇಬರಿಗೂ ತಿಳಿಯಲಿ ಎಂದೇ ಉಟ್ಟಿದ್ದಳು.

‘ಈ ಆರೋಪಿ ನಿಮಗೆ ಗೊತ್ತೋ?’ ಎಂದು ಸರ್ಕಾರಿ ವಕೀಲರು ಕೇಳಿದರು.

‘ಗೊತ್ತಿಲ್ದೆ ಏನ್ರಿ? ನನ್ನ ಗದ್ದಿ ಮಾಡೋನು ಇವನೇ. ನಮ್ದೆಲ್ಲ ಸರಿ ಹೋಗೈತ್ರಿ. ದೇವಿ ಮುಂದೆ ತಪ್ಪುಕಾಣಿಕೆ ಕೊಟ್ಟಾನೆ. ನನ್ನ ಕಾಲಿಗೆ ಬಿದ್ದು ಅತ್ತಾನೆ. ಸೀರಿ ಕೊಟ್ಟಾನೆ. ಇದೇ ಸೀರಿ ನೋಡ್ರಿ.’ ಸೆರಗು ಹಿಡಿದು ತೋರಿಸಿದಳು.

ಸರ್ಕಾರಿ ವಕೀಲರು ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. ‘ಏನು ಕಾಣಿಕೆ ಅಂದ್ರಿ?’

ವಾಮದೇವಪ್ಪನವರು ಎದ್ದು ಆಕ್ಷೇಪಣೆ ಎಂದರು. ಜಡ್ಜ್ ಕೂರಲು ಹೇಳಿದರು.

‘ತಪ್ಪುಕಾಣಿಕೆ ಸ್ವಾಮಿ. ತಪ್ಪು ನಂದು, ಹೊಟ್ಟಿಗೆ ಹಾಕ್ಕೊ ಅಂತ ದೇವಿಗೆ ಹೇಳಿದ. ಊರೇ ಕೇಳೈತೆ. ನಾನು ಅವತ್ತೇ ಹೊಟ್ಟಿಗೆ ಹಾಕ್ಕೊಂಡೀನಿ. ದೇವಿನೂ ಹಾಕ್ಕೊಂಡಾಳೆ. ಇನ್ನ ನೀವು ಯಾಕ ಎಳೀತೀರಿ?’

ಭಾವ ಕಟಕಟೆಯಲ್ಲಿ ತಲೆ ತಗ್ಗಿಸಿದ. ಅವನಿಗೆ ಆಗಲೇ ತಿಳಿಯಿತು. ಅಂಜಿನವ್ವ ಇಳಿದು ಬರುವಾಗ ಅವನ ಕಡೆ ನೋಡಿ ಸಮಾಧಾನದಿಂದ ತಲೆ ಆಡಿಸಿದಳು. ಎಲ್ಲ ಹೇಳಿದೆ ಎನ್ನುವ ಹಾಗೆ.

ಮಾಲತೇಶಪ್ಪನವರನ್ನು ಹೊಸ ಸಾಕ್ಷಿ ಎಂದು ಕರೆಸಿದರು. ಅವರು ಪೂಜೆ ಮಾಡುವವರು, ಸುಳ್ಳು ಹೇಳುವುದಿಲ್ಲ. ತಪ್ಪು ನನ್ನದು ಎಂದು ಇವನು ಹೇಳಿದ್ದಾನೆಯೇ ಎಂದರೆ ಹೇಳಿದ್ದಾನೆ ಎಂದರು.

ಆಮೇಲೆ ವಾಮದೇವಪ್ಪನವರು ಕೇಳಿದರು: ‘ಏನೂ ತಪ್ಪು ಮಾಡದವ್ರೂ ಈ ಕಾಣಿಕೆ ಕೊಡ್ತಾರೋ?’

‘ಕೊಡ್ತಾರೆ ಸ್ವಾಮಿ. ಮಳಿ ಬರ್ಲಿಲ್ಲ ಅಂದ್ರೆ ಊರಿಗೆ ಊರೇ ಕೊಡ್ತೈತೆ. ಊರು ಏನು ತಪ್ಪು ಮಾಡಿರ್ತೈತೆ?’

ಜಡ್ಜ್ ಮುಗುಳ್ನಕ್ಕರು. ನನಗೆ ಆಸೆ ಹುಟ್ಟಿತು. ಆ ಮಾತು ತೀರ್ಪಿನಲ್ಲೂ ಬಂತು. ಮಳೆಗೆ ಊರು ಕೊಡುವುದು ಬೇರೆ, ಸತ್ತವನ ತಾಯಿಯ ಕಾಲಿಗೆ ಬಿದ್ದು ಒಬ್ಬನೇ ಕೊಡುವುದು ಬೇರೆ ಎಂದು ಬರೆದಿದ್ದರು. ಯಾರೂ ಒತ್ತಾಯ ಮಾಡದೆ ತಾನಾಗಿ ಒಪ್ಪಿಕೊಂಡಿದ್ದಾನೆ ಎಂದು ಬರೆದಿದ್ದರು. ನೀರಿನ ಜಗಳ, ಚಾಚಿದ ಕೈ, ತಪ್ಪುಕಾಣಿಕೆ, ಮೂರೂ ಸೇರಿದರೆ ತಳ್ಳಿದ್ದು ನಿಜ. ಆದರೆ ಕೊಲ್ಲುವ ಉದ್ದೇಶ ಇರಲಿಲ್ಲ. ಏಳು ವರ್ಷ.

ಮೊದಲ ವಿಚಾರಣೆಯಲ್ಲಿ ಈ ತಪ್ಪುಕಾಣಿಕೆ ಇರಲಿಲ್ಲ. ಬಿಟ್ಟಿದ್ದಕ್ಕೇ ಅದು ಹುಟ್ಟಿದ್ದು. ಇದನ್ನು ನಾನು ವಾಮದೇವಪ್ಪನವರಿಗೆ ಹೇಳಿದೆ. ಅವರು, ‘ನಾನೂ ಹೇಳೀನಪ್ಪ. ಹೊಸ ವಿಚಾರಣೆ ಅಂದ ಮೇಲೆ ಹೊಸ ಸಾಕ್ಷಿಗೂ ಬಾಗಿಲು ತೆರೆದಿರ್ತೈತೆ’ ಎಂದರು. ಫೈಲಿನ ದಾರ ಕಟ್ಟುತ್ತಾ, ‘ಕಾಣಿಕೆ ಕೊಡೋ ಮೊದ್ಲು ನನ್ನೊಂದು ಮಾತು ಕೇಳಿದ್ರೆ ಬ್ಯಾಡ ಅಂತಿದ್ದೆ’ ಎಂದರು.

ತೀರ್ಪಿನ ದಿನ ಅಂಜಿನವ್ವನೂ ಬಂದಿದ್ದಳು. ಅದೇ ಸೀರೆ. ಚೀಲದಲ್ಲಿ ಕಾಯಿ. ಹರಿಹರದಲ್ಲಿ ಇಳಿದು ಹೊಳೆಯಲ್ಲಿ ಎಲ್ಲರೂ ಮೀಯುವುದು ಎಂದು ಅವಳೇ ತೀರ್ಮಾನ ಮಾಡಿದ್ದಳು. ಒಳಗೆ ಜಾಗ ಇಲ್ಲ ಎಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಪೊಲೀಸರು ಭಾವನನ್ನು ಕರೆದುಕೊಂಡು ಬಂದಾಗ ಎದ್ದು ನಿಂತಳು.

‘ಏನಂದ್ರೋ?’

‘ಇನ್ನ ಸ್ವಲ್ಪ ಕೆಲಸ ಐತಂತವ್ವ. ನೀನು ಊರಿಗೆ ಹೋಗು’ ಎಂದ ಭಾವ. ಅಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಅಂಜಿನವ್ವನನ್ನು ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೊರಟೆ. ಹರಿಹರ ಬಂತು. ಇಳಿಯೋಣ ಎಂದು ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ನಂದಿಗುಡಿ ಬಸ್ಸು ಬದಲಾಯಿಸಿ ಕೂತ ಮೇಲೆ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ‘ನನ್ನ ಮಾತಿಂದ ಏನಾದ್ರೂ ಕೆಟ್ಟಿತೇನಪ್ಪ?’ ಎಂದಳು.

‘ಇಲ್ಲವ್ವ’ ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು. ಊರು ಬರುವ ತನಕ ಈ ಕಡೆ ತಿರುಗಲಿಲ್ಲ. ಆಮೇಲೆ ಆ ಸೀರೆ ಉಟ್ಟದ್ದನ್ನು ನಾನು ಕಂಡಿಲ್ಲ.

ಭಾವ ಈಗ ಶಿವಮೊಗ್ಗ ಜೈಲಿನಲ್ಲಿದ್ದಾನೆ. ವಾಮದೇವಪ್ಪನವರು ಹೈಕೋರ್ಟಿಗೆ ಮೇಲ್ಮನವಿ ಹಾಕಿಸಿದ್ದಾರೆ. ಯಾವಾಗ ಬರುತ್ತದೋ ಗೊತ್ತಿಲ್ಲ. ಅಲ್ಲಿ ಬಿಟ್ಟರೆ ಮುಗಿಯಿತೇ ಎಂದು ಅಕ್ಕ ಕೇಳಿದಳು. ಅದರ ಮೇಲೆ ಸುಪ್ರೀಂ ಕೋರ್ಟ್ ಇದೆ, ಸರ್ಕಾರ ಅಲ್ಲಿಗೂ ಹೋಗಬಹುದು ಎಂದರು. ಅಕ್ಕ ಬಡಾವಣೆಯಲ್ಲಿ ಇನ್ನೆರಡು ಮನೆಯ ಕೆಲಸ ಹಿಡಿದಿದ್ದಾಳೆ. ಊರಿನ ಎರಡೂ ಗದ್ದೆ ಈ ವರ್ಷ ಬೀಳುಬಿದ್ದಿವೆ. ಬೆದರುಬೊಂಬೆಯ ಮೈಮೇಲಿನ ಅಂಗಿ ಹರಿದು ಹೋಗಿದೆ.

ನಾನು ಶಿವಮೊಗ್ಗಕ್ಕೆ ಹೋಗುವಾಗಲೆಲ್ಲ ಅಂಜಿನವ್ವ ಶೇಂಗಾ ಚಟ್ನಿಪುಡಿ ಕೊಟ್ಟು ಕಳಿಸುತ್ತಾಳೆ. ಮೊದಲೆರಡು ಸಲ ಭಾವ ತೆಗೆದುಕೊಂಡ. ಹೋದ ಸಲ ಡಬ್ಬಿಯನ್ನು ಮುಟ್ಟಲಿಲ್ಲ.

‘ವಾಪಸ್ ಒಯ್ಯಿ’ ಎಂದ.

‘ಯಾಕ ಭಾವ?’

‘ಆಕಿ ಯಾಕ ಕಳಿಸ್ತಾಳೆ, ನಾನ್ಯಾಕ ಇಸ್ಕೊಳ್ತೀನಿ ಅಂತ ನಾಳೆ ಅದನ್ನೂ ಕೋರ್ಟ್ನಾಗೆ ಕೇಳ್ತಾರೆ. ಬ್ಯಾಡ. ಇನ್ಮೇಲೆ ಯಾರಿಂದ್ಲೂ ಏನೂ ಬ್ಯಾಡ. ಬಿಟ್ರೂ ಆ ಮನಿ ಕಡೆ ನಾನು ಹೋಗಲ್ಲ. ಆಶಾಗೂ ಹೇಳು.’

‘ಅವ್ವ ಏನು ಮಾಡ್ಯಾಳೆ ಭಾವ?’

‘ಏನೂ ಮಾಡಿಲ್ಲ. ಇದ್ದದ್ದು ಇದ್ದಂಗೆ ಹೇಳ್ಯಾಳೆ’ ಎಂದ.

ಆ ಡಬ್ಬಿ ನಮ್ಮ ಮನೆಯ ಗೂಡಿನಲ್ಲಿದೆ. ಉಣ್ಣಲು ಮನಸ್ಸಿಲ್ಲ, ಚೆಲ್ಲಲೂ ಇಲ್ಲ. ಅಂಜಿನವ್ವ ಹೋದ ವಾರ ಫೋನ್ ಮಾಡಿದ್ದಳು. ಪುಡಿ ಹಿಡಿಸಿತಾ, ಖಾರ ಹೆಚ್ಚಾಯಿತಾ ಎಂದು ಕೇಳಿದಳು.

ಹಿಡಿಸಿತು ಎಂದೆ.